ಸಾಲ್ಮೊನೆಲ್ಲಾದ ಎರಡು ಬಲಗಳು

ಕೋಳಿ ಅಥವಾ ಮೊಲ ಸಾಕಲು ಹೊರಟವರು ಮೊದಲೇ ತಿಳಿದಿರಬೇಕಾದ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ. ಇದರಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ಪುಲ್ಲೋರಮ್ ಎಂಬುದು ಕೋಳಿಮರಿಗಳಿಗೆ ಬಿಳಿ ಭೇದಿ ತಂದು ಕೊಲ್ಲುತ್ತದೆ. ಎಂಟರಿಟಿಡಿಸ್, ಟೈಫಿಮ್ಯೂರಿಯಮ್ ಬಗೆಗಳು ಬೆಳೆದ ಕೋಳಿಯ ಕರುಳಿನಲ್ಲಿ ಸದ್ದಿಲ್ಲದೆ ಇದ್ದು, ಮೊಟ್ಟೆ, ಮಾಂಸದ ಮೂಲಕ ಮನುಷ್ಯರನ್ನು ಕಾಡುತ್ತವೆ. ಮೊಲಗಳಲ್ಲಿ ಈ ಸೋಂಕು ಕಡಿಮೆ. ಬಂದರೆ ಮಾತ್ರ ಭೇದಿ, ಗರ್ಭಪಾತ, ಸಾವು.

ಸಾಲ್ಮೊನೆಲ್ಲಾಕ್ಕೆ ಎರಡು ಬಲಗಳಿವೆ. ಎರಡನ್ನೂ ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳಿ.

ಮೊದಲನೆಯದು ರೋಗ ತರುವ ಬಲ. ಕರುಳಿನ ಗೋಡೆಗೆ ಅಂಟಿದ ಸಾಲ್ಮೊನೆಲ್ಲಾ, ಸೂಜಿಯಂಥ ಒಂದು ರಚನೆಯಿಂದ ತನ್ನ ಪ್ರೋಟೀನುಗಳನ್ನು ನಮ್ಮ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಆಗ ಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ರೋಗಾಣುಗಳನ್ನು ನುಂಗಬೇಕಾದ ಬಿಳಿ ರಕ್ತಕಣದೊಳಗೂ ಅದು ಬದುಕಬಲ್ಲದು.

ಎರಡನೆಯದು ಔಷಧಿಗೆ ಬಗ್ಗದ ಬಲ, ಅಂದರೆ ಆಂಟಿಬಯೋಟಿಕ್ ನಿರೋಧ. ಔಷಧಿಯನ್ನು ಒಡೆಯುವ ಕಿಣ್ವ ತಯಾರಿಸುವುದು, ಒಳಬಂದ ಔಷಧಿಯನ್ನು ಹೊರದಬ್ಬುವುದು, ಔಷಧಿ ಹಿಡಿಯುವ ಜಾಗವನ್ನೇ ಬದಲಿಸುವುದು ಅದರ ದಾರಿಗಳು. ಇದಕ್ಕೆ ಬೇಕಾದ ವಂಶವಾಹಿಗಳು ಹಲವು ಸಲ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರಗಳಲ್ಲಿದ್ದು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ಔಷಧಿಗೆ ಬಗ್ಗದ್ದೆಲ್ಲ ಹೆಚ್ಚು ಉಗ್ರವೆಂದೇನಿಲ್ಲ. ಎರಡು ಬಲಗಳೂ ಒಂದರಲ್ಲೇ ಸೇರಿದಾಗ ಚಿಕಿತ್ಸೆ ಬಹಳ ಕಷ್ಟ.

ನಿರೋಧ ಶೆಡ್ಡಿನಲ್ಲಿ ಬೆಳೆಯುವುದು ಹೇಗೆ? ಔಷಧಿ ಕೊಟ್ಟಾಗ ಅದಕ್ಕೆ ಬಗ್ಗುವವು ಸಾಯುತ್ತವೆ. ಬಗ್ಗದವು ಉಳಿದು ಹೆಚ್ಚುತ್ತವೆ. ಕೆನಡಾದ ಕ್ವಿಬೆಕ್‌ನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಅಲ್ಲಿನ ಹ್ಯಾಚರಿಗಳಲ್ಲಿ ಮರಿ ಹೊರಬರುವ ಮೊದಲೇ ಮೊಟ್ಟೆಯೊಳಕ್ಕೆ ಸೆಫ್ಟಿಯೋಫರ್ ಎಂಬ ಆಂಟಿಬಯೋಟಿಕ್ ಚುಚ್ಚುತ್ತಿದ್ದರು. 2005ರಲ್ಲಿ ಸ್ವಯಂಪ್ರೇರಿತವಾಗಿ ನಿಲ್ಲಿಸಿದಾಗ, ಈ ಔಷಧಿಗೆ ಬಗ್ಗದ ಹೈಡಲ್‌ಬರ್ಗ್ ಬಗೆಯ ಸಾಲ್ಮೊನೆಲ್ಲಾ ಅಂಗಡಿಯ ಕೋಳಿಮಾಂಸದಲ್ಲೂ ರೋಗಿಗಳಲ್ಲೂ ಇಳಿಯಿತು. 2007ರಲ್ಲಿ ಬಳಕೆ ಭಾಗಶಃ ಮರಳಿದ ಮೇಲೆ ಮತ್ತೆ ಏರಿತು. ಇಂಥ ಅಪಾಯ ಮನಗಂಡೇ ಭಾರತ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ತಯಾರಿಸಿ ಮಾರುವುದನ್ನು ನಿಷೇಧಿಸಿತು. ಮನುಷ್ಯರಿಗೆ ಅದು ಕೊನೆಯ ಆಸರೆಗಳಲ್ಲೊಂದು.

ಹಾಗಾಗಿ ಹಿಂಡಿನಲ್ಲಿ ಭೇದಿ ಕಂಡರೆ ಅಂಗಡಿಯಿಂದ ಔಷಧಿ ತಂದು ನೀರಿಗೆ ಬೆರೆಸಬೇಡಿ. ಪಶುವೈದ್ಯರ ಮೂಲಕ ಹಿಕ್ಕೆಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಔಷಧಿ ನಾಟುತ್ತದೆಂದು ತಿಳಿಯಿರಿ. ಮೊಲಗಳಲ್ಲಂತೂ ಬಾಯಿಂದ ಕೊಟ್ಟ ಪೆನಿಸಿಲಿನ್, ಆಂಪಿಸಿಲಿನ್ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಹುದು. ಔಷಧಿ ಕೊಟ್ಟ ಮೇಲೆ ನಿಗದಿತ ದಿನ ಕಾದು ಮಾರಿದರೆ ಮಾಂಸದಲ್ಲಿ ಔಷಧಿಯ ಅಂಶ ಇಳಿಯುತ್ತದೆ, ಆದರೆ ನಿರೋಧ ಗಳಿಸಿದ ಬ್ಯಾಕ್ಟೀರಿಯಾ ಹೋಗುವುದಿಲ್ಲ.

ಸೋಂಕೇ ತಗಲದಿರಲು, ಇಲಿ ಬರದಂತೆ ಮೇವು ಮುಚ್ಚಿಡಿ. ಒಂದು ಹಿಂಡು ಪೂರ್ತಿ ಖಾಲಿಯಾದ ಮೇಲೆ ಶೆಡ್ ತೊಳೆದು, ಒಣಗಿಸಿ, ಆಮೇಲೆ ಹೊಸ ಮರಿ ಬಿಡಿ. ಅಡುಗೆಮನೆಯಲ್ಲಿ ಹಸಿ ಮಾಂಸ ತಾಗಿದ ಕೈ, ಮಣೆ, ಚಾಕು ತೊಳೆಯಿರಿ. ಮಾಂಸ ಒಳಗೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟು ಬೇಯಲಿ. ಯಾವ ಔಷಧಿಗೂ ಬಗ್ಗದ ಸಾಲ್ಮೊನೆಲ್ಲಾ ಕೂಡ ಈ ಬಿಸಿಗೆ ಸಾಯುತ್ತದೆ.