ಬೆಂಗಳೂರಿನಿಂದ ಒಂದು ದಿನದ ಗಿರಿಪ್ರವಾಸ: ಯೋಜನೆಯ ಕ್ರಮ

ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ ನೆಲೆಸಿದೆ. ಅದರ ಸುತ್ತಲೂ, 60 ಕಿಲೋಮೀಟರಿನ ಆಸುಪಾಸಿನಲ್ಲಿ, ನಂದಿ, ಶಿವಗಂಗೆ, ಸಾವನದುರ್ಗ ಮೊದಲಾದ ಬೆಟ್ಟಗಳು ತಲೆಯೆತ್ತಿ ನಿಂತಿವೆ. ಬೆಳಿಗ್ಗೆ ಹೊರಟವರು ಸಂಜೆಗೆ ಮನೆ ಸೇರಬಹುದಾದುದರಿಂದ ವಿದ್ಯಾರ್ಥಿಗಳ ಪ್ರವಾಸಕ್ಕೆ ಇವು ಬಹಳ ಅನುಕೂಲವಾಗಿವೆ. ಆದರೆ ಹತ್ತಿರದ ಬೆಟ್ಟವೆಂಬ ಕಾರಣದಿಂದಲೇ ಜನರು ಅವನ್ನು ಹಗುರವಾಗಿ ಭಾವಿಸುವುದುಂಟು. ಹಿಮಾಲಯಕ್ಕೆ ಹೋಗುವವರು ತಿಂಗಳುಗಟ್ಟಲೆ ಸಿದ್ಧತೆ ನಡೆಸುತ್ತಾರೆ; ನೆರೆಯ ಗುಡ್ಡಕ್ಕೆ ಹೋಗುವವರು ಕುಡಿಯುವ ನೀರನ್ನೂ ಮರೆತು ಹೊರಡುತ್ತಾರೆ. ಕತ್ತಲಾದ ಮೇಲೆ ಬಂಡೆಯ ಮೇಲೆ ಸಿಕ್ಕಿಕೊಂಡವರಿಗೆ ಬೆಟ್ಟ ದೂರದ್ದೋ ಹತ್ತಿರದ್ದೋ ಎಂಬ ಭೇದವಿರುವುದಿಲ್ಲ.

ಸ್ಥಳದ ಆಯ್ಕೆ

ಮೂರು ಬೆಟ್ಟಗಳ ಸ್ವಭಾವವೂ ಬೇರೆ ಬೇರೆ. 1478 ಮೀಟರು ಎತ್ತರದ ನಂದಿಬೆಟ್ಟಕ್ಕೆ ವಾಹನದ ರಸ್ತೆಯುಂಟು. ಕಾಲ್ನಡೆಯವರಿಗೆ ಮೆಟ್ಟಿಲುಗಳ ಹಾದಿಯೂ ಉಂಟು. ಅಡಿಯಲ್ಲಿ ಭೋಗನಂದೀಶ್ವರನ ಗುಡಿ, ನೆತ್ತಿಯಲ್ಲಿ ಯೋಗನಂದೀಶ್ವರನ ಗುಡಿ ಇವೆ. ಗಾಂಧೀಜಿಯವರು 1927ರಲ್ಲಿ ವಿಶ್ರಾಂತಿಗಾಗಿ ಬಂದು ತಂಗಿದ್ದುದು ಇಲ್ಲಿಯೇ. ತುಮಕೂರು ದಾರಿಯಲ್ಲಿ ದಾಬಸ್‌ಪೇಟೆಯ ಬಳಿ ಇರುವ ಶಿವಗಂಗೆಯಲ್ಲಿ ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳಿವೆ; ಮೇಲೆ ಹೋದಂತೆ ಅವು ಕಡಿದಾಗುತ್ತವೆ, ಕೋತಿಗಳ ಕಾಟವೂ ಹೆಚ್ಚು. ಮಾಗಡಿ ತಾಲ್ಲೂಕಿನ ಸಾವನದುರ್ಗವಾದರೋ ಬರಿಯ ಏಕಶಿಲೆ. ಹಿಡಿದುಕೊಳ್ಳಲು ಗಿಡವೂ ದೊರೆಯದ ಇಳಿಜಾರು. ನಂದಿ ಮತ್ತು ಸಾವನದುರ್ಗದ ಕೋಟೆಗಳೆರಡೂ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದುವು. ಹತ್ತುವುದು ಕಷ್ಟವೆಂಬ ಕಾರಣಕ್ಕೇ ಅಲ್ಲಿ ಕೋಟೆಗಳನ್ನು ಕಟ್ಟಿದ್ದರೆಂಬುದನ್ನು ಮರೆಯಲಾಗದು. ಆದುದರಿಂದ ಮೊದಲ ಬಾರಿಗೆ ಹೊರಡುವ ಚಿಕ್ಕ ಮಕ್ಕಳ ತಂಡಕ್ಕೆ ನಂದಿಯೇ ಯೋಗ್ಯ. ಅಭ್ಯಾಸವಾದ ಮೇಲೆ ಉಳಿದವು.

ವೇಳೆಯ ಲೆಕ್ಕ

ಪ್ರವಾಸದ ಯೋಜನೆಯನ್ನು ಸಾಮಾನ್ಯವಾಗಿ ಬೆಳಗಿನಿಂದ ಸಂಜೆಯ ಕಡೆಗೆ ಮಾಡುತ್ತಾರೆ. ಬೆಟ್ಟದ ವಿಷಯದಲ್ಲಿ ಇದು ತಪ್ಪು ಕ್ರಮ. ಸಂಜೆಯಿಂದ ಬೆಳಗಿನ ಕಡೆಗೆ ಲೆಕ್ಕ ಹಾಕಬೇಕು.

ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಅದರ ಪ್ರಕಾರ ಪ್ರತಿ 5 ಕಿಲೋಮೀಟರು ನಡಿಗೆಗೆ ಒಂದು ಗಂಟೆ; ಅದರ ಮೇಲೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. ಹಾದಿ 3 ಕಿಲೋಮೀಟರು, ಏರು 500 ಮೀಟರು ಎಂದು ಭಾವಿಸಿದರೆ ನಡಿಗೆಗೆ 36 ನಿಮಿಷ, ಏರಿಗೆ 50 ನಿಮಿಷ. ಒಟ್ಟು 86 ನಿಮಿಷ. ಇದು ದೃಢಕಾಯರು ನಿಲ್ಲದೆ ನಡೆದಾಗಿನ ಲೆಕ್ಕ. ವಿದ್ಯಾರ್ಥಿಗಳ ದೊಡ್ಡ ತಂಡಕ್ಕೆ ಇದರ ಒಂದೂವರೆ ಪಟ್ಟು, ಎಂದರೆ 2 ಗಂಟೆ 10 ನಿಮಿಷವನ್ನಾದರೂ ಇಟ್ಟುಕೊಳ್ಳಬೇಕು.

ಡಿಸೆಂಬರಿನಲ್ಲಿ ಸೂರ್ಯಾಸ್ತವು ಸುಮಾರು 6 ಗಂಟೆಗೆ. ಆ ವೇಳೆಗೆ ನಗರ ಸೇರಬೇಕಾದರೆ, ಪ್ರಯಾಣಕ್ಕೆ ಎರಡು ಗಂಟೆ ಹಿಡಿದು, 4 ಗಂಟೆಗೆ ಬೆಟ್ಟದ ಬುಡವನ್ನು ಬಿಡಬೇಕು. ಎಲ್ಲರೂ ಕೂಡಿ ಹಾಜರಿ ಹೇಳಲು ಅರ್ಧ ಗಂಟೆ ಬೇಕು, ಆದುದರಿಂದ 3.30ಕ್ಕೆ ಇಳಿದಿರಬೇಕು. ಇಳಿಯಲು ಒಂದೂವರೆ ಗಂಟೆ ಬೇಕಾದರೆ 2 ಗಂಟೆಗೆ ಶಿಖರ ಬಿಡಬೇಕು. ಊಟ, ವೀಕ್ಷಣೆಗೆ ಎರಡು ಗಂಟೆ ಬೇಕೆಂದರೆ 12ಕ್ಕೆ ಮೇಲೆ ತಲುಪಬೇಕು, 9.50ಕ್ಕೆ ಹತ್ತತೊಡಗಬೇಕು, 7.30ಕ್ಕೆ ನಗರ ಬಿಡಬೇಕು. ಇದರಲ್ಲಿ ಮುಖ್ಯವಾದ ವೇಳೆ ಶಿಖರ ಸೇರುವುದಲ್ಲ, 2 ಗಂಟೆಗೆ ಹಿಂದಿರುಗುವುದು. ಆ ಗಳಿಗೆಯಲ್ಲಿ ಶಿಖರವು ನೂರು ಹೆಜ್ಜೆ ದೂರದಲ್ಲಿದ್ದರೂ ತಂಡವು ತಿರುಗಿಯೇ ತೀರಬೇಕು. ಹಿಂದಿರುಗುವ ವೇಳೆಯನ್ನು ಬೆಟ್ಟದ ಮೇಲೆ ನಿಶ್ಚಯಿಸಬಾರದು. ಅಲ್ಲಿ ಉತ್ಸಾಹವು ವಿವೇಕವನ್ನು ಮೀರುತ್ತದೆ. ಅದು ಶಾಲೆಯಲ್ಲಿಯೇ ನಿಶ್ಚಯವಾಗಿ, ಎಲ್ಲರಿಗೂ ತಿಳಿದಿರಬೇಕು.

ಋತು ಮತ್ತು ಬಂಡೆ

ಒಂದು ಸಾವಿರ ಮೀಟರು ಮೇಲೇರಿದರೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ನಂದಿಯ ನೆತ್ತಿ ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ತಂಪಾಗಿರುವುದಕ್ಕೆ ಇದೇ ಕಾರಣ. ಮಳೆಗಾಲದಲ್ಲಿ ನೆನೆದು ಪಾಚಿ ಹಿಡಿದ ಬಂಡೆಯ ಮೇಲೆ ಕಾಲು ನಿಲ್ಲದು. ಆಗ ಸಾವನದುರ್ಗವನ್ನು ಬಿಡುವುದೇ ಲೇಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದರಿಂದ ನಸುಕಿನಲ್ಲಿಯೇ ಹತ್ತಿ, ನಡುಹಗಲಿಗೆ ಮುನ್ನ ಇಳಿದಿರಬೇಕು. ಗುಡುಗು ಕೇಳಿಸಿದೊಡನೆ ಬೋಳುಬಂಡೆಯನ್ನೂ ಒಂಟಿಮರವನ್ನೂ ಬಿಟ್ಟು ಕೆಳಗಿಳಿಯತಕ್ಕದ್ದು. 2021ರ ಆಗಸ್ಟಿನಲ್ಲಿ ಭಾರಿ ಮಳೆಯಿಂದ ಮಣ್ಣು ಕುಸಿದು ನಂದಿಯ ರಸ್ತೆಯೇ ಕೊಚ್ಚಿಹೋಗಿ, ಕೆಲವು ತಿಂಗಳು ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ. ಆದುದರಿಂದ ದಾರಿ ತೆರೆದಿದೆಯೇ, ಅನುಮತಿ ಬೇಕೇ ಎಂಬುದನ್ನು ಹಿಂದಿನ ದಿನವೇ ವಿಚಾರಿಸಬೇಕು.

ತಂಡದ ಧರ್ಮ

ತಲೆಗೆ ಎರಡು ಲೀಟರು ನೀರು, ಬುತ್ತಿ, ಟೋಪಿ, ಹಿಡಿತವುಳ್ಳ ಪಾದರಕ್ಷೆ, ಒಂದು ಕೈದೀಪ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಷ್ಟು ಅವಶ್ಯ. ಬಂಡೆಗಳಲ್ಲಿ ಹೆಜ್ಜೇನಿನ ಗೂಡುಗಳಿರುವುದರಿಂದ ಹೊಗೆ, ಕೂಗಾಟ, ಕಲ್ಲೆಸೆತ ಸಲ್ಲದು. ಹೋದ ಸ್ಥಳ, ಮರಳುವ ವೇಳೆ ಎರಡನ್ನೂ ಬರೆದು ಶಾಲೆಯಲ್ಲಿಟ್ಟು ಹೋಗಬೇಕು. ಅಪಾಯದಲ್ಲಿ 112 ಸಂಖ್ಯೆಗೆ ಕರೆಮಾಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ತಂಡದ ವೇಗವು ಅದರ ಅತಿ ನಿಧಾನದ ಬಾಲಕನ ವೇಗವೇ ಆಗಿರತಕ್ಕದ್ದು. ಮುಂದೆ ಒಬ್ಬ ಉಪಾಧ್ಯಾಯರು, ಕಟ್ಟಕಡೆಗೆ ಇನ್ನೊಬ್ಬರು ಇರಬೇಕು; ಅವರ ಹಿಂದೆ ಯಾರೊಬ್ಬರೂ ಉಳಿಯಕೂಡದು. ದಣಿದವನನ್ನು ಹಂಗಿಸಿ ನಡೆಸಿದರೆ ಅವನು ತನ್ನ ನೋವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ನೋವು ಇಳಿಯುವಾಗ ಕಾಲು ಜಾರಿಸುತ್ತದೆ. ಅವನಿಗಾಗಿ ಇಡೀ ತಂಡವು ಅರ್ಧದಾರಿಯಿಂದ ಮರಳಿದರೆ ಅದು ಸೋಲಲ್ಲ. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹೊರಟ ಮಕ್ಕಳೆಲ್ಲರೂ ಸಂಜೆಗೆ ಮನೆ ಸೇರುವುದೇ ಪ್ರವಾಸದ ಸಾಫಲ್ಯ.