ನಮ್ಮ ವ್ಯವಹಾರ, ನಮ್ಮ ವ್ಯಾಜ್ಯ

ಕಳೆದ ವರ್ಷದ ಒಂದು ಶುಕ್ರವಾರ. ಹಂಗಳದಲ್ಲಿ ಜುಮುಅ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಹಿರಿಯರೊಬ್ಬರು ನನ್ನ ಕೈಹಿಡಿದು ಪಕ್ಕಕ್ಕೆ ಕರೆದರು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, "ಹಝ್ರತ್, ನೀವು ಕನ್ನಡ ಓದಿದವರು. ಇದನ್ನು ಕೋರ್ಟಿಗೆ ಹಾಕಬಹುದೇ ನೋಡಿ" ಎಂದರು. ಪರಿಚಯದ ರೈತನೊಬ್ಬನಿಗೆ ಅರಿಶಿನ ಬಿತ್ತನೆಗೆಂದು ಎಂಬತ್ತು ಸಾವಿರ ರೂಪಾಯಿ ಕೈಸಾಲ ಕೊಟ್ಟಿದ್ದರು. ಸಾಲಗಾರನ ಸಹಿ ಇತ್ತು, ತಾರೀಖೂ ಇತ್ತು. ಆ ತಾರೀಖು ನೋಡಿ ನನ್ನ ಎದೆ ಧಸಕ್ಕೆಂದಿತು. ಸಾಲ ಕೊಟ್ಟು ನಾಲ್ಕು ವರ್ಷ ಎರಡು ತಿಂಗಳಾಗಿತ್ತು.

"ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಚಾಚಾ?" ಎಂದು ಕೇಳಿದೆ.

"ಒಂದು ವರ್ಷ ಬೆಳೆ ಕೈಕೊಟ್ಟಿತು ಅಂದ. ಇನ್ನೊಂದು ವರ್ಷ ಮಗಳ ಮದುವೆ ಅಂದ. ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕೆಂದು ನೀವೇ ಬಯಾನ್‌ನಲ್ಲಿ ಹೇಳಿದ್ದಿರಲ್ಲ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಹೌದು, ಹೇಳಿದ್ದೆ. ಅದು ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 280ನೆಯ ಸೂಕ್ತದ ಬೋಧನೆ. ಸಾಲಗಾರನು ಸಂಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದು ಅದರ ಆಶಯ. ಆದರೆ ಎರಡೇ ಸೂಕ್ತ ದಾಟಿದರೆ 282 ಬರುತ್ತದೆ. ಇಡೀ ಕುರ್‌ಆನಿನಲ್ಲಿ ಅತ್ಯಂತ ದೀರ್ಘವಾದ ಸೂಕ್ತ ಅದು. ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ, ಸಾಲವನ್ನು ಬರೆದಿಡುವ ಬಗ್ಗೆ! ಅವಧಿಯನ್ನು ಗೊತ್ತುಪಡಿಸಬೇಕು, ಋಣಭಾರ ಹೊತ್ತವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಉದಾಸೀನ ಮಾಡಬಾರದು ಎಂದೆಲ್ಲ ಅಲ್ಲಿ ವಿವರಿಸಲಾಗಿದೆ. ನಾನು ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟಿದ್ದೆ. ಅದರ ಬೆಲೆಯನ್ನು ಆ ಹಿರಿಯರು ತೆತ್ತರು. ಈ ಲೇಖನಕ್ಕೆ ಅದೇ ಕಾರಣ.

ಓದುಗರೇ, ನಮ್ಮ ದೇಶದ ಕಾಯ್ದೆಯನ್ನು ತಿಳಿದಿಡಿ. 1963ರ ಕಾಲಮಿತಿ ಕಾಯ್ದೆಯಂತೆ ಸಾಲದ ಹಣಕ್ಕೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಮರುಪಾವತಿಗೆ ದಿನ ಗೊತ್ತುಪಡಿಸಿದ್ದರೆ ಆ ದಿನದಿಂದ, ಇಲ್ಲವಾದರೆ ಸಾಲ ಕೊಟ್ಟ ದಿನದಿಂದಲೇ ಲೆಕ್ಕ ಶುರುವಾಗುತ್ತದೆ. "ಕೇಳಿದಾಗ ಕೊಡುತ್ತೇನೆ" ಎಂದು ಬರೆಸಿಕೊಂಡರೆ ಕೇಳಿದ ದಿನದಿಂದ ಲೆಕ್ಕವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಕೊಟ್ಟ ದಿನದಿಂದಲೇ ಗಡಿಯಾರ ಓಡುತ್ತದೆ. ನೀವು ದಯೆಯಿಂದ ಕಾದಿದ್ದಿರಿ ಎಂಬುದನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಕಾಲಾವಕಾಶ ಕೊಡುವುದೇ ಬೇಡವೇ? ಕೊಡಿ, ಆದರೆ ಬರೆಸಿಕೊಂಡು ಕೊಡಿ. ಮೂರು ವರ್ಷ ಮುಗಿಯುವ ಮುನ್ನ "ಇಂತಿಷ್ಟು ಬಾಕಿ ಇರುವುದು ನಿಜ" ಎಂದು ಸಾಲಗಾರನು ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಸ್ವಲ್ಪ ಹಣ ಕೊಟ್ಟು, ಆ ಪಾವತಿಯನ್ನು ತನ್ನ ಕೈಯಿಂದ ಬರೆದರೂ ಅಥವಾ ಬರೆದದ್ದಕ್ಕೆ ಸಹಿ ಹಾಕಿದರೂ ಸಾಕು. ಪ್ರೋನೋಟಾದರೆ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ ಬರಬೇಕು. ಬೇರೆ ಪತ್ರಗಳಿಗೆ ಸ್ಟ್ಯಾಂಪ್ ಕಡಿಮೆಯಾಗಿದ್ದರೆ ದಂಡ ಕಟ್ಟಿ ಸರಿಪಡಿಸಬಹುದು, ಪ್ರೋನೋಟಿಗೆ ಆ ಅವಕಾಶವೂ ಇಲ್ಲ. ಬಡ್ಡಿಯ ಭಯದಿಂದ ಕೋರ್ಟಿಗೆ ಹೋಗಲು ಹಿಂಜರಿಯುವ ಸಹೋದರರಿಗೆ ಒಂದು ಮಾತು: ಅರ್ಜಿಯಲ್ಲಿ ಅಸಲನ್ನಷ್ಟೇ ಕೇಳಬಹುದು. ಬಡ್ಡಿ ಕೇಳಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ವಕೀಲರಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಹೇಳದಿದ್ದರೆ ಅವರು ರೂಢಿಯಂತೆ ಸೇರಿಸಿರುತ್ತಾರೆ.

ಮೂರು ವರ್ಷ ದಾಟಿದ ಮೇಲೆ ಸಾಲ ಸತ್ತುಹೋಯಿತೇ? ಇಲ್ಲ. ಕೋರ್ಟಿನ ಬಾಗಿಲು ಮುಚ್ಚುತ್ತದೆ, ಋಣ ಉಳಿದಿರುತ್ತದೆ. ಇದು ನಮ್ಮ ಫಿಕ್ಹ್ ಬಲ್ಲವರಿಗೆ ಹೊಸದಲ್ಲ. ಉಸ್ಮಾನೀ ಸಾಮ್ರಾಜ್ಯದಲ್ಲಿ 1869ರಿಂದ 1876ರವರೆಗೆ ಸಿದ್ಧಗೊಂಡ 'ಮಜಲ್ಲ' ಎಂಬ ಕಾನೂನು ಸಂಹಿತೆಯಲ್ಲೂ ಸಾಲದ ದಾವೆಗೆ ಹದಿನೈದು ವರ್ಷಗಳ ಮಿತಿ ಇತ್ತು. ಕಾಲ ಕಳೆದುದರಿಂದ ಹಕ್ಕು ನಾಶವಾಗುವುದಿಲ್ಲ ಎಂದೂ ಅದೇ ಸಂಹಿತೆ ಹೇಳಿತ್ತು. ನಮ್ಮ 1872ರ ಕರಾರು ಕಾಯ್ದೆಯ 25ನೆಯ ಕಲಮು ಕೂಡ ಒಂದು ಕಿಟಕಿ ತೆರೆದಿಟ್ಟಿದೆ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರನು ಬರಹದಲ್ಲಿ ವಾಗ್ದಾನ ಮಾಡಿ ಸಹಿ ಹಾಕಿದರೆ ಅದು ಹೊಸ ಕರಾರಾಗುತ್ತದೆ, ಅದರ ಮೇಲೆ ದಾವೆ ಹೂಡಬಹುದು. ಆ ಸಹಿ ಬೀಳುವುದು ಮಾತ್ರ ಸಾಲಗಾರನಲ್ಲಿ ಉಳಿದಿರುವ ದೇವಭಯದಿಂದ. ಚಾಚಾ ಅವರ ಪಾಲಿಗೆ ಉಳಿದದ್ದು ಆ ಕಿಟಕಿಯೊಂದೇ.

ಜಗಳಗಳು ಸಾಲಕ್ಕೆ ಮಾತ್ರ ಸೀಮಿತವಲ್ಲ. ಆದರೆ ಇನ್ನೊಬ್ಬರ ಮೇಲೆ ಅರ್ಜಿ ಬರೆಯುವ ಮುನ್ನ ನಮ್ಮನ್ನು ನಾವೇ ವಿಚಾರಿಸಿಕೊಳ್ಳಬೇಕಾದುದೊಂದಿದೆ. ಪ್ರವಾದಿಯವರ(ಸ) ಬಳಿಗೆ ವ್ಯಾಜ್ಯ ತಂದವರಿಗೆ ಅವರು ನೀಡಿದ ಎಚ್ಚರಿಕೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಒಬ್ಬನು ಮಾತಿನ ಚಾತುರ್ಯದಿಂದ ಗೆದ್ದು ಸಹೋದರನ ಹಕ್ಕನ್ನು ಪಡೆದರೆ, ತೀರ್ಪು ಕೊಟ್ಟವರು ಪ್ರವಾದಿಯವರೇ(ಸ) ಆಗಿದ್ದರೂ ಅವನು ಒಯ್ಯುವುದು ನರಕಾಗ್ನಿಯ ತುಂಡನ್ನು. ಡಿಕ್ರಿ ಸಿಕ್ಕಿದ ಮಾತ್ರಕ್ಕೆ ಹರಾಮು ಹಲಾಲಾಗದು. ಹಾಗೆಯೇ, ಅನ್ಯಾಯವಾದಾಗ ಬಾಯಿಮುಚ್ಚಿ ಕುಳಿತುಕೊಳ್ಳುವುದಕ್ಕೆ ಸಬ್ರ್ ಎಂಬ ಹೆಸರನ್ನಿಡುವುದೂ ಸರಿಯಲ್ಲ. ಪ್ರವಾದಿಯವರು(ಸ) ನ್ಯಾಯತೀರ್ಮಾನಕ್ಕೆ ಕುಳಿತದ್ದೇ ಜನರು ತಮ್ಮ ಹಕ್ಕನ್ನು ಕೇಳಿಕೊಂಡು ಬರಲೆಂದು.

ನೆರೆಹೊರೆಯ ವಿಷಯ ನೋಡೋಣ. ನಮ್ಮ ಕಡೆ ಜಗಳವೆಂದರೆ ಬದು ಮತ್ತು ದಾರಿ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಈ ಹೊಲಗಳಲ್ಲಿ ಒಂದೊಂದು ಉಳುಮೆಗೂ ಬದು ಒಂದು ಗೇಣು ಸರಿಯುತ್ತದೆ! ಇನ್ನೊಬ್ಬರ ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂಬ ಹದೀಸ್ ಎಲ್ಲರಿಗೂ ಗೊತ್ತು. ಟ್ರ್ಯಾಕ್ಟರ್ ಏರಿದಾಗ ಮರೆತುಹೋಗುತ್ತದೆ. ಬದುವಿನ ತಕರಾರಿಗೆ ಗುದ್ದಲಿ ಎತ್ತಬೇಡಿ. ಹದ್ದುಬಸ್ತಿಗೆ ಅರ್ಜಿ ಕೊಡಿ. ಹಂಗಳ ಹೋಬಳಿಯವರು ಪಹಣಿ ಹಿಡಿದು ನಾಡಕಚೇರಿಗೆ ಹೋದರೆ ಸಾಕು. ಸರ್ವೆಯವರು ಅಕ್ಕಪಕ್ಕದ ಖಾತೆದಾರರಿಗೆ ನೋಟಿಸು ಕೊಟ್ಟು ಅಳೆದು ಗಡಿ ತೋರಿಸುತ್ತಾರೆ. ಅಳತೆಯ ದಿನ ನೆರೆಯವನನ್ನು ನೀವೇ ಹೋಗಿ ಕರೆಯಿರಿ. ಬೆನ್ನ ಹಿಂದೆ ಅಳೆಸಿದ ಗಡಿ ಎಂದಿಗೂ ನಿಲ್ಲದು.

ದಾರಿಯ ವಿಷಯ ಸ್ವಲ್ಪ ಸೂಕ್ಷ್ಮ. ಗ್ರಾಮದ ನಕ್ಷೆಯಲ್ಲಿ ಗುರುತಿರುವ ದಾರಿ, ಅಂದರೆ 'ನಕಾಶೆ ಕಂಡ ದಾರಿ' ಆಗಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಡಬೇಕು. ನಕಾಶೆಯಲ್ಲಿಲ್ಲದ, ಆದರೆ ತಲೆಮಾರಿನಿಂದ ನಡೆದಾಡಿದ ದಾರಿಯಾದರೆ 1882ರ ಅನುಭೋಗ ಹಕ್ಕುಗಳ ಕಾಯ್ದೆ ಇದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕಿನಿಂದ ಬಳಸಿದ್ದರೆ ದಾರಿಯ ಹಕ್ಕು ಬರುತ್ತದೆ. ಕೇಳಿ ಪಡೆದ ಅನುಮತಿ ಎಷ್ಟು ವರ್ಷವಾದರೂ ಹಕ್ಕಾಗದು. ಇಲ್ಲಿಯೂ ಕಾಲದ ಕತ್ತಿ ತೂಗುತ್ತಿದೆ: ದಾರಿ ಮುಚ್ಚಿದ ಮೇಲೆ ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಆ ಇಪ್ಪತ್ತು ವರ್ಷಗಳ ಬಳಕೆ ನೆರವಿಗೆ ಬಾರದು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬನ ಹೊಲಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ ಇಪ್ಪತ್ತು ವರ್ಷ ಬೇಕಿಲ್ಲ, ಅನಿವಾರ್ಯತೆಯ ಹಕ್ಕು ತಾನಾಗಿಯೇ ಇರುತ್ತದೆ. ಪಾಲುಪತ್ರದಲ್ಲಿ ಒಂದು ಸಾಲು ದಾರಿಯ ಬಗ್ಗೆ ಬರೆಸಿದರೆ ಮೊಮ್ಮಕ್ಕಳ ಕಾಲದ ಹೊಡೆದಾಟ ತಪ್ಪುತ್ತದೆ.

ಪೊಲೀಸ್ ಠಾಣೆಗೆ ಎಲ್ಲದಕ್ಕೂ ಓಡುವ ಚಟ ನಮ್ಮಲ್ಲಿದೆ. ಹಲ್ಲೆ, ಬೆದರಿಕೆ, ಅತಿಕ್ರಮ ಪ್ರವೇಶ ಇದ್ದರೆ ಖಂಡಿತ ಹೋಗಬೇಕು, ದೂರಿಗೆ ಸ್ವೀಕೃತಿ ಪಡೆಯಬೇಕು. ಆದರೆ ಗಡಿ ಯಾರದು, ಸಾಲ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಠಾಣೆಗಿಲ್ಲ. ಅಲ್ಲಿ ಹೆದರಿಸಿ ಬರೆಸಿದ ಮುಚ್ಚಳಿಕೆಯನ್ನು ನಂಬಿ ಮೂರು ವರ್ಷ ಕಳೆದುಕೊಂಡವರನ್ನು ನಾನು ಬಲ್ಲೆ.

ಇನ್ನು ಕೂಲಿ. ನಮ್ಮ ಯುವಕರು ಕೊಡಗಿನ ಕಾಫಿ ತೋಟಗಳಿಗೆ, ವಯನಾಡಿಗೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಮೈಸೂರಿನ ಗ್ಯಾರೇಜುಗಳಿಗೆ ಹೋಗುತ್ತಾರೆ. ಮೇಸ್ತ್ರಿಯ ಬಾಯಿಮಾತೇ ಕರಾರು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಮೇ ದಿನದಂದು ಎಲ್ಲರೂ ಉದ್ಧರಿಸುತ್ತಾರೆ. ನಮ್ಮದೇ ಅಂಗಡಿಯ ಹುಡುಗನ ಸಂಬಳ ಹಬ್ಬದ ತನಕ ತಡೆದಿಟ್ಟುಕೊಳ್ಳುವವರೂ ನಾವೇ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ ದಿನಗೂಲಿಯನ್ನು ಕೆಲಸ ಮುಗಿದಾಗಲೇ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳರೊಳಗೆ ಕೊಡಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಮೂರು ವರ್ಷದೊಳಗೆ ವೇತನದ ಕ್ಲೇಮು ಹಾಕಬಹುದು. ಸಂಬಳದ ಚೀಟಿ ಇಲ್ಲವೆಂದು ಎದೆಗುಂದಬೇಡಿ. ಒಂದು ಸಣ್ಣ ಡೈರಿಯಲ್ಲಿ ದಿನದಿನದ ಹಾಜರಿ, ಪಡೆದ ಮುಂಗಡ ಬರೆದಿಡಿ. ಜೊತೆಗೆ ದುಡಿದವರ ಹೆಸರು, ಮೊಬೈಲಿಗೆ ಬಂದ ಸಂದೇಶ, ಹಣ ಹಾಕಿದ ಬ್ಯಾಂಕ್ ಲೆಕ್ಕ ಎಲ್ಲವೂ ಪುರಾವೆಯೇ.

ಗುಂಡ್ಲುಪೇಟೆಯಲ್ಲಿ ಮನೆ, ಅಂಗಡಿ ಬಾಡಿಗೆಗೆ ಹಿಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಅಡ್ವಾನ್ಸಿಗೆ ರಶೀದಿ ಪಡೆಯಿರಿ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆದಾರನನ್ನು ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯಂತೆ ಹದಿನೈದು ದಿನಗಳ ನೋಟಿಸು ಬೇಕು. ನೋಟಿಸು ಕೊಟ್ಟ ಮೇಲೂ ಮಾಲೀಕನು ತಾನೇ ಬೀಗ ಜಡಿಯುವಂತಿಲ್ಲ, ಕೋರ್ಟಿನ ಮೂಲಕವೇ ಬಿಡಿಸಬೇಕು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೇಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮು ಇದೆ. ಆದರೆ ಮಾತಿನ ಅವಧಿ ಮುಗಿದ ಮೇಲೂ, ಕಾಯ್ದೆಯ ನಿಧಾನವನ್ನೇ ಬಂಡವಾಳ ಮಾಡಿಕೊಂಡು ಇನ್ನೊಬ್ಬರ ಅಂಗಡಿಯಲ್ಲಿ ಕುಳಿತವನ ದುಡಿಮೆಯ ಬರ್ಕತ್ ಎಷ್ಟೆಂಬುದನ್ನು ಅವನೇ ಯೋಚಿಸಲಿ.

ಕೊಂಡ ಸಾಮಾನು ಕೆಟ್ಟದಾದರೆ ಚಾಮರಾಜನಗರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮಾರಿದ ಕಂಪನಿ ಮುಂಬಯಿಯದಾದರೂ 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಮ್ ಕೋರ್ಟ್ 2012ರಲ್ಲಿ ಆಂಧ್ರದ ರೈತರ ಪ್ರಕರಣದಲ್ಲಿ ತೀರ್ಪಿತ್ತಿದೆ. ಟೊಮೇಟೊ ಕಾಯಿ ಕಟ್ಟಲಿಲ್ಲವೆಂದರೆ ಗಿಡ ಕಿತ್ತು ಎಸೆಯುವ ಮೊದಲು ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರನ್ನು ಹೊಲಕ್ಕೆ ಕರೆತಂದು ವರದಿ ಬರೆಸಿ. ಬಿಲ್ಲು ಮತ್ತು ಬೀಜದ ಪೊಟ್ಟಣ ಎರಡನ್ನೂ ಇಟ್ಟುಕೊಳ್ಳಿ. ಮಾರುಕಟ್ಟೆಯಲ್ಲಿ ಮಾರುವಾಗಲೂ ಅಷ್ಟೇ. ಬಿಳಿ ಚೀಟಿಯಲ್ಲಿ ಲೆಕ್ಕ ಒಪ್ಪಿಕೊಂಡವನಿಗೆ ಹಣ ಬಾರದಿದ್ದರೆ ಎಪಿಎಂಸಿಯ ಮುಂದೆ ತೋರಿಸಲು ಏನೂ ಇರುವುದಿಲ್ಲ. ಮಾರುವ ರೈತನಿಂದ ಕಮಿಷನ್ ಮುರಿದುಕೊಳ್ಳುವುದಕ್ಕೂ ನಮ್ಮ ರಾಜ್ಯದಲ್ಲಿ ಅವಕಾಶವಿಲ್ಲ.

ಜಮಾಅತಿನಲ್ಲಿ ಕುಳಿತು ಬಗೆಹರಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಬಗೆಹರಿಸಿಕೊಳ್ಳಿ. ಸಂಧಾನವು ಶ್ರೇಷ್ಠವೆಂಬುದು ಕುರ್‌ಆನಿನ ಬೋಧನೆ. ಆದರೆ ಅದರ ಮಿತಿಯನ್ನೂ ಅರಿತಿರಿ. ವಿಶ್ವಲೋಚನ್ ಮದನ್ ಪ್ರಕರಣದಲ್ಲಿ 2014ರ ಜುಲೈ 7ರಂದು ಸುಪ್ರೀಮ್ ಕೋರ್ಟ್ ಹೇಳಿದಂತೆ ದಾರುಲ್ ಕಝಾದ ತೀರ್ಮಾನಕ್ಕೆ, ಫತ್ವಾಕ್ಕೆ ಕಾನೂನಿನ ಬಲವಿಲ್ಲ. ಇಷ್ಟಪಟ್ಟು ಪಾಲಿಸಬಹುದು, ಬಲವಂತಪಡಿಸಲಾಗದು. ನೆರೆಯವನು ಲಿಂಗಾಯತನೋ ಉಪ್ಪಾರನೋ ಆಗಿದ್ದರೆ ನಮ್ಮ ಜಮಾಅತಿನ ಮಾತು ಅವನಿಗೆ ಹೇಗೆ ಅನ್ವಯಿಸೀತು? ಅಂಥಲ್ಲಿ ಇಬ್ಬರೂ ಒಪ್ಪುವ ಊರಿನ ಹಿರಿಯರು ಬೇಕು. ಮಾತುಕತೆ ಕುದುರಿದರೆ ಅದಕ್ಕೆ ಕಾನೂನಿನ ಬಲ ಕೊಡುವ ಜಾಗ ಲೋಕ ಅದಾಲತ್. ಕೇಸು ಹಾಕುವ ಮೊದಲೂ ಅಲ್ಲಿಗೆ ಹೋಗಬಹುದು. ಅಲ್ಲಿನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಪೂರ್ತಿ ಓದಿಸಿ ಕೇಳಿದ ನಂತರವೇ ಸಹಿ ಮಾಡಿ.

ನಮ್ಮ ಸಹೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಪುರುಷರಿಗಾದರೆ ಸರಕಾರ ಗೊತ್ತುಪಡಿಸಿದ ವರಮಾನದ ಮಿತಿ ಇದೆ. ಕಾರ್ಖಾನೆ ಕಾರ್ಮಿಕರಿಗೆ, ಅಂಗವಿಕಲರಿಗೆ, ಪರಿಶಿಷ್ಟರಿಗೆ ಅದೂ ಇಲ್ಲ. ಗುಂಡ್ಲುಪೇಟೆಯ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಚಾಚಾ ಅವರೊಡನೆ ಸಾಲಗಾರನ ಮನೆಗೆ ನಾನೂ ಹೋದೆ. ಅವನು ಹೊರಗೆ ಕುರ್ಚಿ ಹಾಕಿದ, ಚಹಾ ತರಿಸಿದ. ಕೋರ್ಟಿನ ಅವಧಿ ಮುಗಿದಿರುವುದು ಅವನಿಗೆ ಮೊದಲೇ ಗೊತ್ತಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಳಗಿನಿಂದ ಅವನ ತಾಯಿ ಬಂದು, "ಕೊಟ್ಟವರ ಮುಂದೆ ಹಿಂಗೆ ಕೂತಿದ್ದೀಯಲ್ಲ, ಬರೆದುಕೊಡು ಮಗನೇ" ಎಂದರು. ಎಂಬತ್ತು ಸಾವಿರವನ್ನು ನಾಲ್ಕು ಕಂತಿನಲ್ಲಿ ತೀರಿಸುವುದಾಗಿ ಹೊಸ ಪತ್ರವಾಯಿತು. ಈ ಸಲ ಇಬ್ಬರು ಸಾಕ್ಷಿಗಳಿದ್ದರು, ಪ್ರತಿ ಕಂತಿಗೂ ತಾರೀಖಿತ್ತು. ಮೊದಲ ಕಂತು ಅರಿಶಿನ ಮಾರಿದ ವಾರದಲ್ಲೇ ಬಂತು. ಪತ್ರದ ಹಿಂಬದಿಯಲ್ಲಿ ಅವನಿಂದಲೇ ಅದನ್ನು ಬರೆಸಿ ಸಹಿ ಹಾಕಿಸಿದ್ದೇವೆ. ಎರಡನೆಯದು ಮುಂದಿನ ಬೆಳೆಗೆ.