ಇಲಾಖೆ ಬದಲಾದರೂ ಗುಳಿಗೆ ತಪ್ಪಬಾರದು

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರಿಗೆ ಮನೋರೋಗದ ದೊಡ್ಡ ದವಾಖಾನೆ ಎಂದರೆ ಇಂದಿಗೂ ಧಾರವಾಡ. 1845ರಲ್ಲಿ ಶುರುವಾದ ಆ ಆಸ್ಪತ್ರೆ ಮೊದಲು ಮುಂಬಯಿ ಸರ್ಕಾರದ ಕೈಯಲ್ಲಿತ್ತು. 1956ರ ನವೆಂಬರ್ 1ರಂದು ಇಡೀ ಜಿಲ್ಲೆಯ ಜೊತೆಗೇ ಮೈಸೂರು ರಾಜ್ಯಕ್ಕೆ ಬಂತು. ಈಗ ಅದು ಡಿಮ್ಹಾನ್ಸ್ ಎಂಬ ಸ್ವಾಯತ್ತ ಸಂಸ್ಥೆ, ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. ಕಳಸಾಪುರ ಮತ್ತು ಸುತ್ತಲಿನ ಊರುಗಳ ರೋಗಿಗಳ ಜೊತೆ ಸಮಾಜ ಕಾರ್ಯಕರ್ತೆಯಾಗಿ ಓಡಾಡಿದ ನನಗೆ ಇಂಥ ಹಸ್ತಾಂತರಗಳು ಕಲಿಸಿದ ಕೆಲವು ಮಾತುಗಳು ಇಲ್ಲಿವೆ.

1. ಹಸ್ತಾಂತರ ಶುರುವಾಗಬೇಕಾದ್ದು ಔಷಧ ಕೋಣೆಯಿಂದ. ಇಲಾಖೆ ಬದಲಾದರೆ ಇಂಡೆಂಟಿಗೆ ಸಹಿ ಹಾಕುವವರು ಬದಲಾಗುತ್ತಾರೆ, ಹಣ ಬರುವ ಲೆಕ್ಕ ಶೀರ್ಷಿಕೆ ಬದಲಾಗುತ್ತದೆ, ಟೆಂಡರ್ ಹೊಸದಾಗಿ ಕರೆಯಬೇಕಾಗುತ್ತದೆ. ಅಷ್ಟರಲ್ಲಿ ಕಪಾಟು ಖಾಲಿಯಾಗಿರುತ್ತದೆ. ಜ್ವರದ ಗುಳಿಗೆಯಾದರೆ ಹೊರಗಿನ ಅಂಗಡಿಯಲ್ಲಿ ಕೊಂಡಾರು. ಆದರೆ ಮನೋರೋಗಕ್ಕೆ ಕೊಡುವ ಫ್ಲೂಫೆನಜಿನ್ ಸೂಜಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೀಳಲೇಬೇಕು. ಕ್ಲೋಜಪಿನ್ ಇನ್ನೂ ಸೂಕ್ಷ್ಮ. ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನು ಹಾಗೇ ಮುಂದುವರಿಸುವಂತಿಲ್ಲ, ಕಡಿಮೆ ಪ್ರಮಾಣದಿಂದ ಮತ್ತೆ ಏರಿಸಿಕೊಂಡು ಬರಬೇಕು. ಒಮ್ಮೆ ಒಬ್ಬ ತಂದೆ ಮಗನ ಖಾಲಿ ಸ್ಟ್ರಿಪ್ ಹಿಡಿದು ಬಂದಿದ್ದರು. "ಇದು ಈಗ ನಮ್ಮ ಕಡೆ ಬರೂದಿಲ್ಲ" ಎಂದು ಎಲ್ಲೋ ವಾಪಸ್ ಕಳಿಸಿದ್ದರಂತೆ. "ಅಕ್ಕಾರ, ಇಲಾಖಿ ಯಾವುದರ ಇರಲ್ರಿ, ನಮ್ಮ ಹುಡುಗನ ಗುಳಿಗಿ ಎಲ್ಲಿ ಸಿಗತಾವು ಅಷ್ಟ ಹೇಳ್ರಿ" ಎಂದರು. ಅವರ ಪ್ರಶ್ನೆಗೆ ಉತ್ತರ ಬರೆಯದ ಹಸ್ತಾಂತರದ ಆದೇಶಕ್ಕೆ ಯಾರೂ ಸಹಿ ಹಾಕಬಾರದು. ಮೂರು ತಿಂಗಳ ದಾಸ್ತಾನನ್ನು ಎರಡೂ ಕಡೆಯವರು ಒಟ್ಟಿಗೆ ನಿಂತು ಎಣಿಸಿಕೊಂಡ ಮೇಲೆ ಉಳಿದ ಮಾತು.

2. ಗೋಡೆಯಾಚೆ ಏನಿದೆ ನೋಡಿ. ಡಿಮ್ಹಾನ್ಸ್, 2015ರಲ್ಲಿ ಶುರುವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎರಡೂ ವೈದ್ಯಕೀಯ ಶಿಕ್ಷಣದ ಕಡೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ ಇವರೆಲ್ಲ ಆರೋಗ್ಯ ಇಲಾಖೆಯವರು. ಧಾರವಾಡದಲ್ಲಿ ಬಿಡುಗಡೆಯಾಗಿ ಸುಮಾರು 80 ಕಿ.ಮೀ. ದೂರದ ಮನೆ ಸೇರುವ ಹೊತ್ತಿಗೆ ರೋಗಿ ಇಲಾಖೆಯ ಗಡಿಯನ್ನೂ ದಾಟಿರುತ್ತಾನೆ. ಬಿಡುಗಡೆಯ ಸುದ್ದಿ ಊರಿನ ಆಶಾಗೆ ಯಾರು ಮುಟ್ಟಿಸಬೇಕು? ಅದು ಯಾರ ಕೆಲಸವೆಂದು ಹೆಸರು ಹಿಡಿದು ಬರೆಯದಿದ್ದರೆ ಯಾರೂ ಮುಟ್ಟಿಸುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಊರಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಸ್ಪತ್ರೆ ಯಾವ ಇಲಾಖೆಗೆ ಹೋದರೂ ಈ ಕೊಂಡಿ ಕಳಚಬಾರದು.

3. ಕೇಸ್ ಶೀಟ್ ರೋಗಿಯ ಜೊತೆ ಹೋಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಕಲಂ ಪ್ರಕಾರ, ರೋಗಿಯನ್ನು ಬೇರೆ ಸಂಸ್ಥೆಗೆ ಕಳಿಸುವಾಗ ಅಥವಾ ಹೊಸ ಮನೋವೈದ್ಯರು ಹೊಣೆ ವಹಿಸಿಕೊಳ್ಳುವಾಗ ರೋಗಿಯನ್ನೂ ಮನೆಯವರನ್ನೂ ಕೇಳಿಯೇ ಮುಂದಿನ ಯೋಜನೆ ಮಾಡಬೇಕು. ಕೇಸ್ ಶೀಟ್ ಇಲ್ಲದೆ ಆ ಯೋಜನೆ ಆಗದು. ಇಲಾಖೆಗಳ ಹಸ್ತಾಂತರದಲ್ಲಿ ಇದನ್ನು ಮರೆಯುವುದೇ ಹೆಚ್ಚು.

4. ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದು, ಕೇಳುವವರಿಲ್ಲದವರ ಬಗ್ಗೆ ನನಗೆ ಬಹಳ ಸಂಕಟ. ಹಸ್ತಾಂತರದ ಪಟ್ಟಿಯಲ್ಲಿ ಮಂಚ, ಹಾಸಿಗೆಗಳ ಸಾಲಿನ ಕೆಳಗೆ ಅವರು ಒಂದು ಸಂಖ್ಯೆಯಾಗುತ್ತಾರೆ. ಹೆಸರು, ಆಡುವ ಭಾಷೆ, ನೆನಪಿರುವ ಊರು, ಕೊನೆಗೆ ಬಂದು ನೋಡಿದವರು, ಇಷ್ಟನ್ನಾದರೂ ಒಬ್ಬೊಬ್ಬರಿಗೂ ಬರೆಯಿರಿ. ಮನೆಯವರಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತದೆ ಅದೇ ಕಾಯ್ದೆಯ 19ನೇ ಕಲಂ.

5. ಸಂಬಳ ತಡವಾಗಬಾರದು. ಸಂಬಳ ಸಿಗದೆ ಗುತ್ತಿಗೆಯ ಅಟೆಂಡರುಗಳು ಬಿಟ್ಟುಹೋದರೆ ವಾರ್ಡ್ ನಡೆಯುವುದಿಲ್ಲ.

6. ಹೊರಗಿನವರ ಕಣ್ಣು ಬೇಕು. 1997ರಲ್ಲಿ ಸುಪ್ರೀಂ ಕೋರ್ಟ್ ಆಗ್ರಾ, ಗ್ವಾಲಿಯರ್, ರಾಂಚಿಯ ಮಾನಸಿಕ ಆಸ್ಪತ್ರೆಗಳ ಮೇಲೆ ನಿಗಾ ಇಡುವ ಕೆಲಸವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ಆಸ್ಪತ್ರೆ ನಡೆಸುವ ಇಲಾಖೆಯೇ ತನ್ನನ್ನು ತಾನು ತಪಾಸಣೆ ಮಾಡಿಕೊಂಡರೆ ಸಾಲದು ಎಂಬುದು ಅಲ್ಲಿಗೆ ಇತ್ಯರ್ಥವಾದ ಮಾತು. ಈಗಿನ ಕಾಯ್ದೆಯಲ್ಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗಳಿವೆ. ರೋಗಿಯೇ ಅಲ್ಲಿಗೆ ದೂರು ಕೊಡಬಹುದು. ಇದು ವಾರ್ಡಿನ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರಬೇಕು.

7. ಸ್ವಾಯತ್ತತೆ ಒಳ್ಳೆಯದೇ. 1974ರಲ್ಲಿ ಬೆಂಗಳೂರಿನ ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆಯನ್ನೂ ಕೇಂದ್ರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ನಿಮ್ಹಾನ್ಸ್ ಕಟ್ಟಿದಾಗ ಚಿಕಿತ್ಸೆ, ಪಾಠ, ಸಂಶೋಧನೆ ಒಂದೇ ಕಡೆ ಬಂದವು. ಧಾರವಾಡಕ್ಕೂ ಅದೇ ಬಲ ಸಿಗಲಿ. ಆದರೆ ಬೋಧನೆಯ ಹೆಸರಿನಲ್ಲಿ ಹೊರರೋಗಿಗಳ ಸಾಲು ಹಿಂದೆ ಬೀಳಬಾರದು.

ರೋಗಿಗಳ ಮನೆಯವರಲ್ಲಿ ನನ್ನದೊಂದು ವಿನಂತಿ. ಹಳೆಯ ಚೀಟಿಗಳನ್ನು ಎಸೆಯಬೇಡಿ. ವೈದ್ಯಕೀಯ ದಾಖಲೆ ಪಡೆಯುವುದು ಕಾಯ್ದೆಯ 25ನೇ ಕಲಂ ರೋಗಿಗೆ ಕೊಟ್ಟ ಹಕ್ಕು, ಮುಂದಿನ ಭೇಟಿಯಲ್ಲೇ ಅದರ ಪ್ರತಿಗೆ ಅರ್ಜಿ ಕೊಡಿ. ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ ಆಶಾ ಕಾರ್ಯಕರ್ತೆಗೆ ತಿಳಿಸಿ. ಏನೂ ತೋಚದಿದ್ದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.